ತೊಗರಿ ತೇವಾಂಶದ ಎಕ್ಸೆಲ್ ಶೀಟ್: ಇಫ್ ಹಾಕಿದರ ಎಲ್ಲಾ ಸಾಲೂ ‘ಹಸಿ’ ಅಂತ ಬರ್ತದ

ಪ್ರಶ್ನೆ (ಕಲಬುರಗಿ):
ಸಿ ಕಾಲಂನ್ಯಾಗ ಪ್ರತಿ ಲಾಟಿನ ತೇವಾಂಶ ಅದ. ಡಿ ಕಾಲಂಗೆ =ಇಫ್(ಸಿ2>12,"ಹಸಿ","ಒಣ") ಹಾಕೀನಿ. 9.8 ಇದ್ದದ್ದೂ ‘ಹಸಿ’ ಅಂತದ. ನಡುವಿನ ದರ್ಜೆಗೆ 10<ಸಿ2<=12 ಅಂತ ಬರೆದರ ಒಂದು ಸಾಲೂ ಸಿಗವಲ್ದು. ಏನು ತಪ್ಪದ್ರಿ?

ಉತ್ತರ (ಬೀದರ್):
ಮೊದಲನೇದ್ರಾಗ ಫಾರ್ಮುಲಾ ಸರಿ ಅದ, ಡೇಟಾ ತಪ್ಪದ. ಸಿ ಕಾಲಂನ ಅಂಕಿ ಸಂಖ್ಯೆ ಆಗಿಲ್ಲ, ಟೆಕ್ಸ್ಟ್ (ಬರೇ ಅಕ್ಷರ) ಆಗಿ ಕುಂತಾವ. ಹೋಲಿಸುವಾಗ ಎಕ್ಸೆಲ್ ಯಾವ ಟೆಕ್ಸ್ಟನ್ನೂ ಸಂಖ್ಯೆಗಿಂತ ದೊಡ್ಡದು ಅಂತ ಹಿಡೀತದ. =ಇಸ್‌ನಂಬರ್(ಸಿ2) ಹಾಕಿ ನೋಡ್ರಿ, ಫಾಲ್ಸ್ ಬಂದರ ಇದೇ ಕಾರಣ. ಕಾಲಂ ಸೆಲೆಕ್ಟ್ ಮಾಡಿ, ಡೇಟಾ ಟ್ಯಾಬಿನ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ, ಸೀದಾ ಫಿನಿಶ್ ಕೊಡ್ರಿ. ಬರೇ ಸೆಲ್ ಫಾರ್ಮ್ಯಾಟ್ ನಂಬರ್‌ಗೆ ಬದಲಿಸಿದರ ಏನೂ ಆಗಂಗಿಲ್ಲ. ಭಾಳ ಮಂದಿ ಅಲ್ಲೇ ಸಿಕ್ಕೊಂಡು ಕೂಡ್ತಾರ.

ಎರಡನೇದು ಬರೆದ ರೀತಿ ತಪ್ಪು. 10<ಸಿ2 ಮೊದಲು ಟ್ರೂ ಇಲ್ಲಾ ಫಾಲ್ಸ್ ಆಗ್ತದ, ಆಮ್ಯಾಲ ಆ ಉತ್ತರವನ್ನ 12ರ ಜೋಡಿ ಹೋಲಿಸ್ತದ. ಟ್ರೂ, ಫಾಲ್ಸ್ ಎರಡೂ ಸಂಖ್ಯೆಗಿಂತ ದೊಡ್ಡವು ಅಂತ ಎಕ್ಸೆಲ್ ಲೆಕ್ಕ. ಆಂಡ್(ಸಿ2>10,ಸಿ2<=12) ಅಂತ ಬರೀರಿ.

ಉತ್ತರ (ಯಾದಗಿರಿ):
ಫಿನಿಶ್ ಕೊಟ್ಟ ಮ್ಯಾಲೂ ಫಾಲ್ಸ್ ಬಂದರ, ವೆಬ್‌ನಿಂದ ಕಾಪಿ ಮಾಡುವಾಗ ಕಾಣದ ಸ್ಪೇಸ್ ಬಂದಿರಬಹುದು. ಅದರ ಕೋಡ್ 160, ಸ್ಪೇಸ್ ತೆಗೆಯೋ ಟ್ರಿಮ್ ಫಂಕ್ಷನ್‌ಗೆ ಅದು ಬಗ್ಗಂಗಿಲ್ಲ. =ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಸಿ2,ಕ್ಯಾರ್(160),"")) ಹಾಕ್ರಿ. ‘11%’ ಅಂತ ಬರೆದ ಸೆಲ್ ಇದ್ದರ ಹುಷಾರ್, ಅದು 0.11 ಆಗ್ತದ.

ಇನ್ನೊಂದು: ಖಾಲಿ ಸೆಲ್ 0 ಅಂತ ಲೆಕ್ಕಾಗಿ ‘ಒಣ’ದಾಗ ಸೇರ್ತದ. ಅದಕ್ಕ ಎಲ್ಲಾಕಿಂತ ಮೊದಲು ಇಫ್(ಸಿ2="","ಅಳೆದಿಲ್ಲ",…) ಇರಲಿ.

ಪ್ರಶ್ನೆ ಕೇಳಿದವರು:
ಕ್ಯಾರ್(160) ಹಾಕಿದ ಮ್ಯಾಲೆ ಸರಿ ಆತ್ರಿ.