ಕಾರಿನ ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಸತ್ತೈತಿ ಅಂತಾರ, ಬದಲಿಸ್ಲೇನು?

ನಮ್ಮದು ಕೊಪ್ಪಳ ರೀ, 2014ರ ಡೀಸೆಲ್ ಕಾರು. ಹೋದ ವಾರ ಹೊಸಪೇಟಿಗೆ ಹೊಂಟಾಗ ಮುನಿರಾಬಾದ್ ಹತ್ರ ಎಂಜಿನ್ ಟಪ್ ಅಂತ ಬಂದ್ ಆತು. ಹತ್ತು ನಿಮಿಷ ಬಿಟ್ರ ಮತ್ತ ಚಾಲೂ. ಸ್ಕ್ಯಾನರ್‌ನಾಗ ಪಿ0606 ಅನ್ನೋ ದೋಷದ ಕೋಡ್ ಬಂತು. ಮೆಕ್ಯಾನಿಕ್ "ಸೆಕೆಂಡ್ ಹ್ಯಾಂಡ್ ಇಸಿಎಂ ಹಾಕೋಣು" ಅಂತಾನ. ಭತ್ತದ ರೊಕ್ಕ ಇನ್ನೂ ಕೈಗೆ ಬಂದಿಲ್ಲ. ಏನ್ ಮಾಡ್ಲಿ?

ಉತ್ತರ (ಗಂಗಾವತಿ, ವೈರಿಂಗ್ ಕೆಲಸದಾಂವ): ಅಣ್ಣಾರ, ಗಡಿಬಿಡಿ ಬ್ಯಾಡ. ಆ ಕೋಡ್ ಇಸಿಎಂ ಒಳಗಿನ ಪ್ರೊಸೆಸರ್‌ದು ಖರೆ, ಆದ್ರ ಕರೆಂಟ್ ಸರಿಯಾಗಿ ಸಿಗದಿದ್ರೂ ಬರಬಹುದು. ಮೊದ್ಲು ಬ್ಯಾಟರಿ ಅಳೀರಿ: ಎಂಜಿನ್ ಬಂದ್ ಇದ್ದಾಗ 12.6 ವೋಲ್ಟ್, ಓಡುವಾಗ 14ರ ಆಜೂಬಾಜು ಇರಬೇಕು. ಆಮ್ಯಾಲ ಅರ್ಥ್ ವೈರ್, ಮೇನ್ ರಿಲೇ (ಇಸಿಎಂಗ ಕರೆಂಟ್ ಕೊಡೋ ಸ್ವಿಚ್) ನೋಡ್ರಿ. ಬ್ಯಾಟರಿ ಮೈನಸ್ ಬಿಚ್ಚಿ ಇಸಿಎಂ ಕನೆಕ್ಟರ್ ಕಿತ್ತು ನೋಡ್ರಿ, ಪಿನ್ನಿಗೆ ಹಸಿರು ಕಿಲುಬು ಹಿಡಿದಿರ್ತೈತಿ. ಇಲಿ ಕಾಟ ಬ್ಯಾರೆ!

ಉತ್ತರ (ರಾಯಚೂರು): ಹಳೇದು ತಂದ್ರ ಪಾರ್ಟ್ ನಂಬರ್ ಪೂರಾ ಕೂಡಬೇಕ್ರಿ. ನಾ ಒಮ್ಮೆ ಸೋವಿ ಅಂತ ತಂದು ಹಾಕ್ಸಿದೆ. ಇಮ್ಮೊಬಿಲೈಜರ್ (ಕಳವು ತಡೆಯೋ ಲಾಕ್) ನನ್ನ ಕೀಲಿ ಒಪ್ಪಲೇ ಇಲ್ಲ. ಡೀಸೆಲ್ ಸಿಂಪಡಿಸೋ ಇಂಜೆಕ್ಟರ್‌ಗಳ ಕೋಡ್ ಸೈತ ಆ ಇಸಿಎಂನಾಗ ಮತ್ತ ಬರೆಸಬೇಕಾತು.

ಕೊಪ್ಪಳದಾಂವ: ಅರ್ಥ್ ಬೋಲ್ಟ್ ತುಕ್ಕು ತಿಂದಿತ್ರಿ! ಉಜ್ಜಿ ಬಿಗಿ ಮಾಡೇನಿ. ಎರಡು ದಿನ ಆತು, ನಿಂತಿಲ್ಲ. ಮೆಕ್ಯಾನಿಕ್‌ಗ ಇನ್ನೂ ಹೇಳಿಲ್ಲ.