ಪುಟ್ಟಿ ಹೆಸರು ಹೇಳುತ್ತಿದ್ದಾಳಾ, ಬೆಡ್ ನಂಬರ್ ಹೇಳುತ್ತಿದ್ದಾಳಾ? ಮೊದಲು ಅದನ್ನು ನೋಡು

ಸುಧಾ, ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡಿದೆ. ಟೈಪ್ ಮಾಡಲು ನನ್ನ ಬೆರಳು ಕೇಳುವುದಿಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ಚಿನ್ನು ಬರೆದು ಹಾಕುತ್ತಾಳೆ. ಉದ್ದ ಆದರೂ ಪೂರ್ತಿ ಓದು. ಉಳಿದವರೂ ಓದಿ.

ಪುಟ್ಟಿ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಫೋನ್ ಮಾಡಿದರೆ ಸಿಡುಕುತ್ತಾಳೆ, ಹೋದ ಭಾನುವಾರ "ಅಮ್ಮಾ, ವಾರ್ಡಿನಲ್ಲಿ ಯಾರು ಅತ್ತರೂ ನನಗೆ ಏನೂ ಅನ್ನಿಸ್ತಿಲ್ಲ" ಎಂದಳು ಅಂತ ಬರೆದಿದ್ದೀಯ. ಕ್ಯಾನ್ಸರ್ ವಾರ್ಡಿನ ನರ್ಸ್ ಕೆಲಸ ಬಿಡಿಸಲಾ ಅಂತ ಕೇಳಿದ್ದೀಯ. ಅದರ ಕೆಳಗೆ ದೊಡ್ಡಣ್ಣ, "ಅವಳ ಸ್ವಭಾವವೇ ಮೆತ್ತಗೆ, ಆ ಕೆಲಸಕ್ಕೆ ಗಟ್ಟಿ ಎದೆ ಬೇಕು" ಅಂತ ಹಾಕಿದ್ದಾನೆ. ನಾಲ್ಕು ಜನ ಅದಕ್ಕೆ ಹೆಬ್ಬೆರಳು ಒತ್ತಿದ್ದೀರಿ.

ದೊಡ್ಡಣ್ಣಾ, ನಿನ್ನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅದು ತಪ್ಪು. ಗಟ್ಟಿ ಎದೆಯವಳು ಅಂತ ನೀವೆಲ್ಲ ಹೆಸರಿಟ್ಟದ್ದು ನನಗೇ ಅಲ್ವಾ? ಅಪ್ಪ ಹೋದ ದಿನ ಬಂದವರಿಗೆ ನೀರು ಕೊಟ್ಟು, ಚಾಪೆ ಹಾಸಿ, ಅಮ್ಮನನ್ನು ಹಿಡಿದುಕೊಂಡು ಕೂತವಳು ನಾನು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಆ ಗಟ್ಟಿಗಿತ್ತಿಗೆ 2009ರಲ್ಲಿ ಏನಾಯಿತು ಅಂತ ಈ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ಪುಟ್ಟಿಗೋಸ್ಕರ ಇವತ್ತು ಹೇಳುತ್ತೇನೆ.

ನಾನು ನರ್ಸ್ ಆಗಿದ್ದ ಕ್ಯಾನ್ಸರ್ ಆಸ್ಪತ್ರೆ ಯಾವುದು ಅಂತ ನಿಮಗೆ ಗೊತ್ತು, ಹೆಸರು ಇಲ್ಲಿ ಬೇಡ. ಆಗ ನಾನು ಮಕ್ಕಳ ವಾರ್ಡಿನಲ್ಲಿದ್ದೆ. ಇಬ್ಬರು ಸಿಸ್ಟರ್‌ಗಳು ಹೆರಿಗೆ ರಜೆಯಲ್ಲಿದ್ದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. "ಪರವಾಗಿಲ್ಲ, ನಾನು ನೋಡಿಕೊಳ್ಳುತ್ತೇನೆ" ಎಂದೆ. ಯಾವಾಗಲೂ ನಾನೇ ಹಾಗೆ ಅನ್ನುವುದು. ಕೀಮೋ ಡೋಸ್ ಇಬ್ಬರು ಚೆಕ್ ಮಾಡಿ ಸಹಿ ಹಾಕಿದ ಮೇಲೂ, ಹೋಗಿ ಇನ್ನೊಂದು ಸಲ ನೋಡಿ ಬರುತ್ತಿದ್ದೆ. ಮನೆಗೆ ಬಂದ ಮೇಲೆ ಅರ್ಧ ರಾತ್ರಿಯಲ್ಲಿ ಎದ್ದು ಕೂತು, ಮೂರನೇ ಮಗುವಿನ ಡ್ರಿಪ್ ಸರಿಯಾಗಿ ಹೋಗುತ್ತಿದೆಯಾ ಅಂತ ವಾರ್ಡಿಗೆ ಫೋನ್ ಮಾಡುತ್ತಿದ್ದೆ. ನನ್ನನ್ನು ಎಲ್ಲರೂ ಹೊಗಳುತ್ತಿದ್ದರು.

ನನ್ನ ಹತ್ತಿರ ಒಂದು ಚಿಕ್ಕ ಡೈರಿ ಇತ್ತು. ಪ್ರತಿ ಮಗುವಿನ ಹೆಸರು, ಊರು, ಯಾವ ಕೈಯಲ್ಲಿ ನರ ಚೆನ್ನಾಗಿ ಸಿಗುತ್ತದೆ, ಸೂಜಿ ಚುಚ್ಚುವಾಗ ಯಾವ ಕತೆ ಹೇಳಿದರೆ ಸುಮ್ಮನಿರುತ್ತದೆ, ಎಲ್ಲ ಬರೆದುಕೊಳ್ಳುತ್ತಿದ್ದೆ. ಆ ವರ್ಷ ಯಾವಾಗಲೋ ಅದು ನಿಂತುಹೋಯಿತು. ನಾಲ್ಕನೇ ಬೆಡ್‌ಗೆ ವಾಂತಿ, ಹತ್ತನೇ ಬೆಡ್‌ಗೆ ಜ್ವರ, ಹೀಗೆ ಹೇಳಲು ಶುರು ಮಾಡಿದೆ. ಎಲ್ಲರೂ ಹಾಗೇ ಹೇಳುತ್ತಾರೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

ಏಳನೇ ಬೆಡ್ಡಿನಲ್ಲಿ ಸಿಂಧನೂರು ಕಡೆಯ ಆರು ವರ್ಷದ ಹುಡುಗ. ರಕ್ತದ ಕ್ಯಾನ್ಸರ್. ಜೊತೆಗೆ ತಾಯಿ ಒಬ್ಬಳೇ. ಒಂದು ದಿನ ಬೆಳಿಗ್ಗೆ ಅವಳು ಆಂಟಿಬಯೋಟಿಕ್ ತರಲು ಕೆಳಗೆ ಔಷಧಿ ಅಂಗಡಿಗೆ ಹೋಗಿದ್ದಳು. ಕ್ಯೂ ದೊಡ್ಡದಿತ್ತು. ಅಷ್ಟರಲ್ಲಿ ಹುಡುಗನನ್ನು ಬೆನ್ನಿಗೆ ಇಂಜೆಕ್ಷನ್ ಕೊಡಲು ಕರೆದುಕೊಂಡು ಹೋದರು. ಆ ಕಾಯಿಲೆ ಮೆದುಳಿಗೆ ಹತ್ತದ ಹಾಗೆ ಬೆನ್ನುಹುರಿಯ ಸುತ್ತ ಇರುವ ನೀರಿಗೆ ಔಷಧಿ ಕೊಡುತ್ತಾರೆ, ಅದು. ಆಯಾ ಅದೇ ಹೊತ್ತಿಗೆ ಹಾಸಿಗೆ ಬಟ್ಟೆ ಬದಲಾಯಿಸಿ ಹೋಗಿದ್ದಳು.

ತಾಯಿ ಬಂದು ನೋಡಿದಳು. ಬೆಡ್ ಮೇಲೆ ಒಗೆದ ಚಾದರ, ಮಗ ಇಲ್ಲ. "ಸಿಸ್ಟರ್, ನನ್ ಮಗಾ?" ಎಂದಳು. ನಾನು ಚಾರ್ಟ್ ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ.

"ಏಳನೇ ಬೆಡ್ಡಾ? ಅದು ಖಾಲಿ ಆಯ್ತು" ಎಂದೆ.

ಆ ವಾರ್ಡಿನಲ್ಲಿ ಬೆಡ್ ಖಾಲಿ ಆಯ್ತು ಅಂದರೆ ಏನು ಅರ್ಥ ಅಂತ ಅಲ್ಲಿ ಎರಡು ದಿನ ಇದ್ದವರಿಗೂ ಗೊತ್ತು. ಆ ವಾರದಲ್ಲೇ ಅವಳು ಎರಡು ಬೆಡ್ ಹಾಗೆ ಖಾಲಿ ಆದದ್ದನ್ನು ನೋಡಿದ್ದಳು. ಕೈಯಲ್ಲಿದ್ದ ಚೀಲ ಬಿತ್ತು, ಬಾಟಲಿಗಳು ಒಡೆದವು. ಅವಳು ಅಳಲಿಲ್ಲ, ಕೂಗಲಿಲ್ಲ. ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದಳು. ಸುಧಾ, ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತಾ? ಈ ಗಾಜು ಯಾರು ಗುಡಿಸುತ್ತಾರೆ ಅಂತ. ತಾಯಿ ಕಾಣಿಸಲಿಲ್ಲ ನನಗೆ, ಗಾಜು ಕಾಣಿಸಿತು.

ಆಯಾ ಓಡಿ ಬಂದು, "ಮಗ ಕೆಳಗೆ ಅದಾನವ್ವಾ, ಸೂಜಿ ಹಾಕಾಕ ಒಯ್ದಾರ" ಎಂದು ಅವಳನ್ನು ಎಬ್ಬಿಸಿದಳು. ಅರ್ಧ ಗಂಟೆಗೆ ಹುಡುಗ ಸ್ಟ್ರೆಚರ್ ಮೇಲೆ ಬಂದ. ಬಿಸ್ಕತ್ತು ಬೇಕು ಅಂತ ಹಠ ಮಾಡುತ್ತಿದ್ದ. ಆ ಸಂಜೆ ತಾಯಿ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಒಂದು ಖಡಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟು ನನ್ನ ಕೈಗೆ ಕೊಟ್ಟು, "ನೀವೂ ಭಾಳ ದಣದೀರಿ ಸಿಸ್ಟರ್" ಎಂದಳು. ಮೇಟ್ರನ್ ನೋಡಿರಲಿಲ್ಲ, ಡಾಕ್ಟರ್ ನೋಡಿರಲಿಲ್ಲ, ನೀವು ಯಾರೂ ನೋಡಿರಲಿಲ್ಲ. ಅವಳು ನೋಡಿದಳು. ನಾನು ಬಾತ್‌ರೂಮಿಗೆ ಹೋಗಿ ಅಳಲು ನೋಡಿದೆ. ಅಳು ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಪುಟ್ಟಿ ಅತ್ತರೆ ಹೆದರಬೇಡ. ಅವಳು ರೋಗಿಗಳ ಹೆಸರು ಬಿಟ್ಟು ಬೆಡ್ ನಂಬರ್ ಮಾತ್ರ ಹೇಳುತ್ತಿದ್ದರೆ ಆಗ ಹೆದರು.

ಅದಾಗಿ ಒಂದೂವರೆ ತಿಂಗಳಿಗೆ ನಾನು ಮೂರು ತಿಂಗಳು ರಜೆ ಹಾಕಿದೆ. ಬೆನ್ನು ನೋವು ಅಂತ ನಿಮಗೆಲ್ಲ ಹೇಳಿದ್ದೆ, ನೆನಪಿರಬಹುದು. ಬೆನ್ನು ಸರಿಯಾಗೇ ಇತ್ತು. ಆಗ ಒಬ್ಬ ಮನಶ್ಶಾಸ್ತ್ರದ ಮೇಡಂ ಹತ್ತಿರ ಹೋಗುತ್ತಿದ್ದೆ. ಅವರು 22 ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟರು. ಅಮೆರಿಕದ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬುವರು ಮಾಡಿದ್ದಂತೆ, 1981ರಿಂದ ಬಳಕೆಯಲ್ಲಿದೆ. ಅದು ನೋಡುವುದು ಮೂರೇ ವಿಷಯ. ಮನಸ್ಸು ಪೂರ್ತಿ ಬತ್ತಿಹೋಗಿದೆಯಾ. ಎದುರಿಗಿರುವ ಮನುಷ್ಯ ಬರೀ ವಸ್ತುವಿನ ಹಾಗೆ ಕಾಣುತ್ತಿದ್ದಾನಾ. ನಾನು ಮಾಡುವುದರಿಂದ ಯಾರಿಗೂ ಉಪಯೋಗವಿಲ್ಲ ಅನ್ನಿಸುತ್ತಿದೆಯಾ. ಎರಡನೆಯದನ್ನು ಅವರು ವಿವರಿಸಿದಾಗ ನನಗೆ ಆ ಗಾಜು ನೆನಪಾಯಿತು. ಆಗ ಅಳು ಬಂತು.

"ಮೇಡಂ, ನನ್ನ ಸ್ವಭಾವವೇ ಸರಿ ಇಲ್ಲವಾ?" ಅಂತ ಕೇಳಿದೆ, ದೊಡ್ಡಣ್ಣ ಈಗ ಕೇಳಿದ ಹಾಗೆ. ಸ್ವಭಾವದ ಪಾಲೂ ಇದೆ ಅಂತ ಅವರು ಒಪ್ಪಿಕೊಂಡರು. ಚಿಕ್ಕದಕ್ಕೂ ಕಳವಳ ಪಡುವವರು, ಆದದ್ದನ್ನೇ ಮನಸ್ಸಿನಲ್ಲಿ ತಿರುವಿ ತಿರುವಿ ಹಾಕುವವರು ಬೇಗ ಬತ್ತುತ್ತಾರೆ. ನಾಲ್ಕು ಜನರ ಜೊತೆ ಬಾಯಿ ಬಿಟ್ಟು ಮಾತಾಡುವವರು ಸ್ವಲ್ಪ ತಡೆದುಕೊಳ್ಳುತ್ತಾರೆ. ಆದರೆ ಹೀಗೆ ಕೆಲಸದಲ್ಲಿ ಬತ್ತಿಹೋಗುವುದಕ್ಕೆ ಬರ್ನ್‌ಔಟ್ ಎಂಬ ಮಾತನ್ನು 1974ರಲ್ಲಿ ಬಳಕೆಗೆ ತಂದ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ನ್ಯೂಯಾರ್ಕಿನ ಉಚಿತ ಕ್ಲಿನಿಕ್ಕಿನಲ್ಲಿ ಕಂಡದ್ದು ಸೋಮಾರಿಗಳನ್ನಲ್ಲ, ಮೆತ್ತಗಿನವರನ್ನೂ ಅಲ್ಲ. ಜಾಸ್ತಿ ಮನಸ್ಸಿಟ್ಟು ದುಡಿಯುವವರೇ ಅಲ್ಲಿ ಮೊದಲು ಬತ್ತುತ್ತಿದ್ದರು, ಅವನೂ ಅವರಲ್ಲಿ ಒಬ್ಬ. ಪುಟ್ಟಿ ಮೆತ್ತಗಿಲ್ಲ ದೊಡ್ಡಣ್ಣಾ. ಅವಳು ನನ್ನ ಹಾಗೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಅಂಕ ಹೋದದ್ದಕ್ಕೆ ಎರಡು ದಿನ ಊಟ ಬಿಟ್ಟವಳು ಅವಳು.

ಇನ್ನೊಂದು ಮಾತು. ಚಿನ್ನು ಈಗ ಓದಿ ಹೇಳಿದಳು, ಅಮೆರಿಕದ ಕ್ಯಾನ್ಸರ್ ಡಾಕ್ಟರ್‌ಗಳನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 45 ಜನರಲ್ಲಿ ಈ ಬರ್ನ್‌ಔಟ್‌ನ ಲಕ್ಷಣ ಇತ್ತಂತೆ. ನೂರಕ್ಕೆ 45 ಜನರ ಸ್ವಭಾವ ಕೆಟ್ಟಿರುತ್ತದಾ? ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿತು, ಇದು ಕಾಯಿಲೆ ಅಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬರುವ ಸ್ಥಿತಿ ಅಂತ. ಇಬ್ಬರು ಮಾಡುವ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿ, ಆಮೇಲೆ ನಿನ್ನ ಎದೆ ಗಟ್ಟಿ ಇಲ್ಲ ಅಂದರೆ ಹೇಗೆ?

ಮನೆಯವರೇನು ಕಡಿಮೆಯಾ? ಹೇಳಬಾರದು ಅಂದುಕೊಂಡಿದ್ದೆ, ಬಾಯಿಗೆ ಬಂತು. ಇಪ್ಪತ್ತನಾಲ್ಕು ವರ್ಷ ಅಲ್ಲಿ ದುಡಿದೆ. ಈ ಕುಟುಂಬದಿಂದ ನನಗೆ ಬಂದ ಫೋನ್‌ಗಳೆಲ್ಲ ಬೆಡ್ ಕೊಡಿಸು, ಟೋಕನ್ ತೆಗೆಸು, ನಮ್ಮ ಮನೆ ಓನರ್ ತಂಗಿಯನ್ನು ದೊಡ್ಡ ಡಾಕ್ಟರಿಗೆ ತೋರಿಸು. ರಾತ್ರಿ ಒಂದು ಗಂಟೆಗೂ ಎತ್ತಿದ್ದೇನೆ. ಬೇಸರ ಮಾಡಿಕೊಂಡಿಲ್ಲ. ಆದರೆ ಆ ಮೂರು ತಿಂಗಳು ನಾನು ಮನೆಯಲ್ಲಿದ್ದೆನಲ್ಲ, ನೀನು ಹೇಗಿದ್ದೀ ಅಂತ ಕೇಳಲು ಒಂದು ಫೋನ್ ಬರಲಿಲ್ಲ. "ಸುಮ್ನೆ ಮನೇಲಿ ಕೂತಿದ್ದಾಳೆ" ಅಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು.

ಶಿವಮೊಗ್ಗದ ಗೃಹಪ್ರವೇಶ ನೆನಪಿದೆಯಾ? ರಾತ್ರಿ ಡ್ಯೂಟಿ ಮುಗಿಸಿ ನೇರ ಬಸ್ ಹತ್ತಿ ಬಂದಿದ್ದೆ. ಹೊಸಿಲು ದಾಟುವ ಮೊದಲೇ, "ಕ್ಯಾನ್ಸರ್ ಆಸ್ಪತ್ರೆಯಿಂದ ಬಂದಿದ್ದೀಯ, ಸ್ನಾನ ಮಾಡದೆ ಅಡುಗೆ ಮನೆಗೆ ಬರಬೇಡ, ಮಕ್ಕಳನ್ನು ಮುಟ್ಟಬೇಡ" ಅಂದರು. ಅಂದವರು ಈಗ ಇಲ್ಲ, ಹೆಸರು ಬೇಡ. ಕ್ಯಾನ್ಸರ್ ಮುಟ್ಟಿದರೆ ಹತ್ತುವ ಕಾಯಿಲೆ ಅಲ್ಲ ಅಂತ ಬಾಗಿಲಲ್ಲಿ ನಿಂತೇ ಹೇಳಿದೆ. ಯಾರೂ ನನ್ನ ಪರ ಮಾತಾಡಲಿಲ್ಲ. ದೊಡ್ಡಣ್ಣಾ, ನೀನು ಅಲ್ಲೇ ತೋರಣ ಕಟ್ಟುತ್ತಿದ್ದೆ. ಇಡೀ ರಾತ್ರಿ ಒಂದು ಮಗುವಿನ ಕೈ ಹಿಡಿದುಕೊಂಡು ಕೂತು ಬಂದವಳಿಗೆ ನನ್ನ ಅಣ್ಣನ ಮಕ್ಕಳನ್ನು ಎತ್ತಿಕೊಳ್ಳಲು ಬಿಡಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಪುಟ್ಟಿಗೂ ಅದೇ ಆಗುತ್ತಿದೆ. ಅವಳು ರಜೆಗೆ ಬಂದರೆ ಮದುವೆ ಮಾತು, ಇಲ್ಲದಿದ್ದರೆ ಯಾರದೋ ರಿಪೋರ್ಟ್ ಮುಂದೆ ಇಟ್ಟು ಇದನ್ನು ಓದು ಅನ್ನುವುದು. ಯುಗಾದಿಯಲ್ಲಿ ನಾನೇ ನೋಡಿದೆ. ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟು ಪಕ್ಕದ ಮನೆಯವರ ಸ್ಕ್ಯಾನ್ ನೋಡುತ್ತಿದ್ದಳು.

ಇರಲಿ. ಚಿನ್ನು ನೆನಪಿಸುತ್ತಿದ್ದಾಳೆ, ಸುಧಾ ಅತ್ತೆ ಕೇಳಿದ್ದು ಏನು ಮಾಡಬೇಕು ಅಂತ, ಅದನ್ನು ಹೇಳಿ ಅಂತ.

ಕೆಲಸ ಬಿಡಿಸಬೇಡ. ಈಗಂತೂ ಬೇಡ. ಬತ್ತಿದ ಮನಸ್ಸಿನಲ್ಲಿ ಅಂಥ ತೀರ್ಮಾನ ಮಾಡಬಾರದು. ಮೊದಲು ರಜೆ ಹಾಕಲಿ, ಎರಡು ವಾರವಾದರೂ. ವಾಪಸ್ ಹೋಗುವಾಗ ಕೆಲವು ತಿಂಗಳು ಹೊರರೋಗಿ ವಿಭಾಗಕ್ಕೋ ಡೇ ಕೇರ್‌ಗೋ ಹಾಕಿ, ರಾತ್ರಿ ಡ್ಯೂಟಿ ಕಡಿಮೆ ಮಾಡಿ ಅಂತ ಬರೆದು ಕೇಳಲಿ. ಬಾಯಲ್ಲಿ ಕೇಳಿದರೆ ಮರೆಯುತ್ತಾರೆ. ನಾನು ಹಾಗೆ ಕೇಳಿಕೊಂಡೇ ಆಮೇಲೆ ಒಂಬತ್ತು ವರ್ಷ ದುಡಿದೆ, ಡೈರಿ ಮತ್ತೆ ಬರೆದೆ.

ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಪರೀಕ್ಷೆ ಮಾಡಿಸು. ಸುಸ್ತಿಗೆ ಅದೂ ಕಾರಣ ಇರಬಹುದು. ನಿದ್ದೆ ಮಾತ್ರೆ ತಾನಾಗಿ ತೆಗೆದುಕೊಳ್ಳುವುದು ಬೇಡ, ನರ್ಸ್‌ಗಳು ಹಾಗೆ ಮಾಡುವುದುಂಟು. ಮನೋವೈದ್ಯರನ್ನು ನೋಡಲಿ, ಬೆಂಗಳೂರಿನಲ್ಲೇ ಇದ್ದಾಳೆ, ನಿಮ್ಹಾನ್ಸ್ ಇದೆ. ಮುಖ ತೋರಿಸಲು ಸಂಕೋಚ ಅಂದರೆ ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಸಹಾಯವಾಣಿ ಇದೆ. ನಂಬರ್ 14416. ದಿನದ 24 ಗಂಟೆಯೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಗ್ರೂಪಿನಲ್ಲಿರುವ ಎಲ್ಲರೂ ಇಟ್ಟುಕೊಳ್ಳಿ. ಬದುಕಿ ಏನು ಪ್ರಯೋಜನ ಎಂಬ ಥರದ ಒಂದು ಮಾತು ಅವಳ ಬಾಯಲ್ಲಿ ಬಂದರೂ ಒಬ್ಬಳನ್ನೇ ಬಿಡಬೇಡ. ಅದೇ ದಿನ ಕರೆದುಕೊಂಡು ಹೋಗು.

ಇವತ್ತು ರಾತ್ರಿ ಫೋನ್ ಮಾಡಿದಾಗ ಬುದ್ಧಿ ಹೇಳಬೇಡ. ವಾರ್ಡಿನಲ್ಲಿ ಯಾರಿದ್ದಾರೆ ಅಂತ ಸುಮ್ನೆ ಕೇಳು. ಮತ್ತೆ ಹೇಳುತ್ತಿದ್ದೇನೆ ಸುಧಾ, ಅವಳು ಹೆಸರು ಹೇಳುತ್ತಾಳಾ, ಬೆಡ್ ನಂಬರ್ ಹೇಳುತ್ತಾಳಾ ಕೇಳಿಸಿಕೋ. ನಂಬರ್ ಹೇಳಿದರೆ ನಾಳೆಗೆ ತಳ್ಳಬೇಡ, ನನಗೆ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಹೇಗಿದ್ದರೂ ಭಾನುವಾರ ನಾನೇ ಅವಳ ರೂಮಿಗೆ ಹೋಗುತ್ತೇನೆ. ಬೆಳಿಗ್ಗೆ ಆರೂವರೆ ಬಸ್ಸಿಗೆ ಚಿನ್ನು ಟಿಕೆಟ್ ನೋಡುತ್ತಿದ್ದಾಳೆ. ಒಂದು ವಾರ ಇದ್ದು ಅಡುಗೆ ಮಾಡಿ ಹಾಕುತ್ತೇನೆ, ಅವಳು ಮಲಗಲಿ. ಅವಳಿಗೆ ಇಷ್ಟದ ಮೆಂತ್ಯದ ಹಿಟ್ಟು ತರುತ್ತೇನೆ. ಡ್ಯೂಟಿಯಲ್ಲಿದ್ದರೆ ಬೀಗದ ಕೈ ಯಾರ ಹತ್ತಿರ ಕೊಟ್ಟಿರುತ್ತಾಳೆ ಅಂತ ಮಾತ್ರ ಕೇಳಿ ಹೇಳು.