ಕಾಟ್ಲಾ ಮೀನಿನ ಹೊಟ್ಟೆ ಊದಿ ಹುರುಪೆ ಎದ್ದಿದೆ: ಕೊಳಕ್ಕೆ ಔಷಧಿ ಹಾಕಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಮಂಡ್ಯ ಜಿಲ್ಲೆಯ ನಮ್ಮ ಒಂದು ಎಕರೆ ಕೊಳದಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕಿದ್ದೇವೆ. ಕೆಲವು ಮೀನುಗಳ ಹೊಟ್ಟೆ ನೀರು ತುಂಬಿದಂತೆ ಊದಿಕೊಂಡು, ಹುರುಪೆಗಳು ಎದ್ದು ನಿಂತು, ರೆಕ್ಕೆಗಳ ಬುಡ ಕೆಂಪಾಗಿದೆ. ದಿನವೂ ಒಂದೆರಡು ಸಾಯುತ್ತಿವೆ. ಅಂಗಡಿಯವರು ಕೊಟ್ಟ ಆಂಟಿಬಯಾಟಿಕ್ ಪುಡಿಯನ್ನು ನೀರಿಗೆ ಎರಚಬಹುದೇ?

ಉತ್ತರ: ದಯವಿಟ್ಟು ಎರಚಬೇಡಿ. ನೀವು ವಿವರಿಸಿದ ಲಕ್ಷಣಗಳು ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾದಿಂದ ಕಾಟ್ಲಾದಂಥ ಗೆಂಡೆ ಮೀನುಗಳಿಗೆ ಬರುವ ಜಲೋದರವನ್ನು (ಹೊಟ್ಟೆಯಲ್ಲಿ ನೀರು ತುಂಬುವ ರೋಗ) ಹೋಲುತ್ತವೆ. ಈ ಬ್ಯಾಕ್ಟೀರಿಯಾ ಬಹುತೇಕ ಎಲ್ಲ ಕೊಳಗಳ ನೀರಿನಲ್ಲಿಯೂ ತಳದ ಕೆಸರಿನಲ್ಲಿಯೂ ಸದಾ ಇರುತ್ತದೆ. ಆಮ್ಲಜನಕದ ಕೊರತೆ, ಅಮೋನಿಯಾ, ಅತಿಯಾದ ಮರಿ ಬಿತ್ತನೆ ಅಥವಾ ಮೀನು ಹೇನು ಕಚ್ಚಿದ ಗಾಯದಿಂದ ಮೀನು ಸೊರಗಿದಾಗ ಅದು ದೇಹದೊಳಗೆ ಹರಡಿ ರೋಗವಾಗುತ್ತದೆ. ನಿಮ್ಮ ಮೀನು ಯಾವುದರಿಂದ ಸೊರಗಿತು ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಸೂರ್ಯೋದಯಕ್ಕೆ ಮುನ್ನ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಿರಿ, ಏಕೆಂದರೆ ಅದು ಅತ್ಯಂತ ಕಡಿಮೆಯಿರುವ ಹೊತ್ತು ಅದೇ. ಲೀಟರಿಗೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಸತ್ತ ಮೀನುಗಳನ್ನು ಕೂಡಲೇ ತೆಗೆದು, ಕೊಳದಿಂದ ದೂರದಲ್ಲಿ ಸುಣ್ಣ ಹಾಕಿ ಹೂಳಿರಿ.

ಪ್ರಶ್ನೆ: ಎರಡು ವಾರದ ಹಿಂದೆ ಕೋಳಿ ಗೊಬ್ಬರ ಹೆಚ್ಚಾಗಿಯೇ ಹಾಕಿದ್ದೆವು. ಈಗ ಸುಣ್ಣ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಗೊಬ್ಬರವೇ ಮುಖ್ಯ ಕಾರಣವಾಗಿರುವ ಸಾಧ್ಯತೆ ಇದೆ, ಏಕೆಂದರೆ ಅದು ಕೊಳೆಯುವಾಗ ಆಮ್ಲಜನಕ ಖರ್ಚಾಗಿ ಅಮೋನಿಯಾ ಹೆಚ್ಚುತ್ತದೆ. ಗೊಬ್ಬರವನ್ನು ಪೂರ್ಣ ನಿಲ್ಲಿಸಿ, ಹಿಂಡಿ ಮತ್ತು ತೌಡನ್ನು ಕಡಿಮೆ ಮಾಡಿ, ಸ್ವಲ್ಪ ನೀರು ಬದಲಿಸಿ, ರಾತ್ರಿ ಏರಿಯೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸಿ. ಸುಣ್ಣದ ವಿಷಯದಲ್ಲಿ ಮಾತ್ರ ಆತುರ ಬೇಡ: ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಈಗಾಗಲೇ 8.5 ದಾಟಿದ್ದರೆ ಸುಣ್ಣ ಅದನ್ನು ಇನ್ನಷ್ಟು ಏರಿಸಿ, ಇರುವ ಅಮೋನಿಯಾವನ್ನೇ ಹೆಚ್ಚು ವಿಷಕಾರಿಯಾಗಿಸುತ್ತದೆ.

ಆಂಟಿಬಯಾಟಿಕ್ ಬೇಕಾದರೂ ಅದನ್ನು ಆಹಾರದಲ್ಲಿ ಬೆರೆಸಿ ಕೊಡಬೇಕೇ ಹೊರತು ನೀರಿಗೆ ಸುರಿಯಬಾರದು. ತೀರಾ ಬಳಲಿದ ಮೀನು ಮೇವನ್ನೇ ಮುಟ್ಟುವುದಿಲ್ಲ. ಹಾಗಾಗಿ ಔಷಧಿಯಿಂದ ಉಳಿಯುವುದು ಇನ್ನೂ ತಿನ್ನುತ್ತಿರುವ ಮೀನುಗಳು ಮಾತ್ರ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಗುಂಪಿನ ಔಷಧಿಗಳನ್ನು ಮೀನು ಸಾಕಣೆಯಲ್ಲಿ ನಿಷೇಧಿಸಲಾಗಿದೆ. ಅಂಗಡಿಯ ಪುಡಿಯಲ್ಲಿ ಏನಿದೆ ಎಂದು ಚೀಟಿಯನ್ನು ಓದದೆ ಕೊಳ್ಳಬೇಡಿ. ರೋಗವಿದ್ದೂ ಇನ್ನೂ ಜೀವಂತವಿರುವ ಎರಡು ಮೂರು ಮೀನುಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ, ಒಂದು ಬಾಟಲಿ ಕೊಳದ ನೀರಿನೊಂದಿಗೆ ಮೀನುಗಾರಿಕೆ ಇಲಾಖೆಯವರು ಸೂಚಿಸುವ ಪ್ರಯೋಗಾಲಯಕ್ಕೆ ಒಯ್ಯಿರಿ. ಯಾವ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬುದು ಅಲ್ಲಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸಿಲ್ಲದೆ ಈ ಮೀನುಗಳನ್ನು ಮುಟ್ಟಬೇಡಿ, ಇದೇ ಬ್ಯಾಕ್ಟೀರಿಯಾ ಮನುಷ್ಯರ ಗಾಯಕ್ಕೂ ಸೋಂಕು ತರುತ್ತದೆ.